ಹಟ್ಟಿಯಲ್ಲಿ ರೇಡಿಯೋ ಕೋಣೆ

ಕೇರಳದಲ್ಲಿ ನಮ್ಮಂಥ ಸರಕಾರಿ ಶಾಲೆಯ ಮಾಷ್ಟ್ರುಗಳಿಗೆ 56ಕ್ಕೇ ನಿವೃತ್ತಿ. ಕಣ್ಣು ಸರಿಯಾಗಿ ಕಾಣುತ್ತದೆ, ಕೈ ನಡುಗುವುದಿಲ್ಲ, ಕೂತುಕೊಳ್ಳಲಿಕ್ಕೆ ಮಾತ್ರ ಜಾಗ ಇರುವುದಿಲ್ಲ. ಬೆಳಗ್ಗೆ ತೋಟಕ್ಕೊಂದು ಸುತ್ತು ಹಾಕಿ ಬಂದ ಮೇಲೆ ಮನೆಯೊಳಗೆ ಎಲ್ಲಿ ಕೂತರೂ ಅಡ್ಡವೇ. ಗುಡಿಸುವಾಗ ಕಾಲೆತ್ತಬೇಕು. ಟಿವಿ ಎದುರು ಕೂತರೆ ಧಾರಾವಾಹಿಯ ಹೊತ್ತಾಯಿತು ಅಂತಾರೆ. ಅದಕ್ಕೇ ಖಾಲಿ ಬಿದ್ದಿದ್ದ ದನದ ಹಟ್ಟಿಯನ್ನು ನನ್ನ ಹವ್ಯಾಸಕ್ಕೊಂದು ಕೋಣೆ ಮಾಡಿಕೊಂಡೆ.

ನನ್ನ ಹುಚ್ಚು ಹಳೇ ವಾಲ್ವ್ ರೇಡಿಯೋ, ಟ್ರಾನ್ಸಿಸ್ಟರ್ ಬರುವ ಮೊದಲಿನ, ಗಾಜಿನ ಬುರುಡೆಗಳಿಂದ ಕೆಲಸ ಮಾಡುವಂಥದ್ದು. ಯಾರದೋ ಅಟ್ಟದಲ್ಲಿ ಮರ್ಫಿಯೋ ಫಿಲಿಪ್ಸೋ ಸತ್ತು ಬಿದ್ದಿದ್ದರೆ ತಂದು ಮಾತಾಡಿಸುವುದು. ನೌಕರಿ ಇದ್ದಾಗ ಇದು ರಜೆಯ ಕೆಲಸವಾಗಿತ್ತು. ವಾಲ್ವುಗಳು ಮಂಚದಡಿ, ಕಂಡೆನ್ಸರುಗಳು ಹಾರ್ಲಿಕ್ಸ್ ಬಾಟ್ಲಿಯಲ್ಲಿ, ಬೆಸುಗೆ ಹಾಕುವುದು ಊಟದ ಮೇಜಿನ ಮೇಲೆ. "ಅನ್ನ ಉಣ್ಣುವಲ್ಲಿ ಸೀಸ ಕರಗಿಸಬೇಡಿ" ಎಂದು ಮನೆಯವಳು ಹೇಳುತ್ತಿದ್ದದ್ದು ನ್ಯಾಯವೇ. ರೇಡಿಯೋ ಕೆಲಸದ ಬೆಸುಗೆ ತಂತಿಯಲ್ಲಿ ನೂರಕ್ಕೆ 60 ತವರ, 40 ಸೀಸ. ಆ ಮೇಜಿನಲ್ಲಿ ಮಕ್ಕಳೂ ಉಣ್ಣುತ್ತಾರಲ್ಲ.

ಹಿಂದಿನ ಮನೆಗಳಲ್ಲಿ ಗಂಡಸರಿಗೆ ಜಗಲಿ ಇತ್ತು. ಪೇಪರ್ ಓದುವುದು, ಎಲೆಯಡಿಕೆ ತಿನ್ನುವುದು, ದಾರಿಹೋಕರನ್ನು ಕರೆದು ಕೂರಿಸುವುದು, ತಾಳಮದ್ದಳೆಯ ಅರ್ಥ ಕಲಿಯುವುದು, ಎಲ್ಲ ಅಲ್ಲೇ. ಈಗಿನ ಟೆರೇಸು ಮನೆಯಲ್ಲಿ ಅದು ಸಿಟೌಟ್ ಆಗಿದೆ. ಎರಡು ಕುರ್ಚಿ, ಒಂದು ಚಪ್ಪಲಿ ಸ್ಟ್ಯಾಂಡು, ಅಷ್ಟೇ. ಹೆಂಗಸರಿಗೆ ಯಾವ ಕಾಲದಲ್ಲೂ ಅಷ್ಟೂ ಇರಲಿಲ್ಲ ಎಂಬುದನ್ನು ನನಗೆ ನೆನಪು ಮಾಡುವವರು ಮನೆಯಲ್ಲಿದ್ದಾರೆ. ಅದನ್ನೂ ಒಪ್ಪುತ್ತೇನೆ.

ಗಂಡಸರು ಹವ್ಯಾಸಕ್ಕೆಂದು ಮಾಡಿಕೊಳ್ಳುವ ಕೋಣೆಗಳ ಫೋಟೋ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಚರ್ಮದ ಸೋಫಾ, ದಪ್ಪ ಜಮಖಾನ, ಕಪ್ಪು ಗೋಡೆ, ಕಿಟಕಿಯೇ ಇಲ್ಲ. ನೋಡಲಿಕ್ಕೆ ಚಂದ. ನಮ್ಮ ಬದಿಯಡ್ಕದ ಕಡೆ ಅದನ್ನು ತಂದಿಟ್ಟರೆ ಜುಲೈಗೆ ಸೋಫಾದ ಮೇಲೆ ಹಸಿರು ಬೂಸರು ಬರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮುಕ್ಕಾಲುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಗಾಗಿ ಇಲ್ಲಿ ಹವ್ಯಾಸದ ಕೋಣೆ ಅಂದರೆ ಮೊದಲು ತೇವದ ಲೆಕ್ಕ. ಬಣ್ಣ, ಕುರ್ಚಿ, ಅಲಂಕಾರ ಎಲ್ಲ ಆಮೇಲೆ.

ಜಾಗ ಹುಡುಕಿ ಕೊಟ್ಟದ್ದು ಒಂದು ಸಣ್ಣ ಟ್ರಾನ್ಸಿಸ್ಟರ್. ಮನೆಯೊಳಗೆ ಮೀಡಿಯಂ ವೇವ್ ಹಾಕಿದರೆ ಬರೀ ಗುರ್ ಗುರ್. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ವೈಫೈ ಪೆಟ್ಟಿಗೆಯ ಅಡಾಪ್ಟರು, ಇವೆಲ್ಲ ಒಳಗೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತವೆ. ಆ ಕತ್ತರಿಸುವ ಸದ್ದು ರೇಡಿಯೋಗೆ ಕೇಳುತ್ತದೆ. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಅಂಗಳದಲ್ಲೆಲ್ಲ ನಡೆದೆ. ಬಾವಿಕಟ್ಟೆ ದಾಟಿದ ಮೇಲೆ ಗುರುಗುಟ್ಟುವುದು ಇಳಿಯಿತು. ಹಟ್ಟಿಯೊಳಗೆ ಕಾಲಿಟ್ಟಾಗ ಹೆಚ್ಚುಕಡಿಮೆ ನಿಂತೇ ಹೋಯಿತು. ತಂತಿಬೇಲಿಯ ಹತ್ತಿರ ಹುಲ್ಲು ಕೀಳುತ್ತಿದ್ದ ಕೆಲಸದವಳು ನನ್ನನ್ನೇ ನೋಡುತ್ತಿದ್ದಳು. ಮಾಷ್ಟ್ರಿಗೆ ಏನಾಯಿತು ಅಂತ ಅನ್ನಿಸಿರಬೇಕು.

ಹಟ್ಟಿ ಖಾಲಿಯಾಗಿ ಕೆಲವು ವರ್ಷವಾಗಿತ್ತು. ಸೊಪ್ಪು ತರುವವರಿಲ್ಲ, ಹಾಲು ಕರೆಯುವವರಿಲ್ಲ ಅಂತ ದನಗಳನ್ನು ಕೊಟ್ಟುಬಿಟ್ಟಿದ್ದೆವು. 20 ಅಡಿ ಉದ್ದ, 12 ಅಡಿ ಅಗಲ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆ, ಹಂಚಿನ ಮಾಡು. ಖಾಲಿ ಅಂದೆ, ಆದರೆ ತೋಟದ ಮನೆಯಲ್ಲಿ ಖಾಲಿ ಕೋಣೆ ಅನ್ನುವುದು ಇರುತ್ತದಾ? ಅಡಿಕೆ ಹಾಳೆ, ತೆಂಗಿನಸಿಪ್ಪೆ, ತೂತಾದ ಗೋಣಿ, ಮದ್ದು ಬಿಡುವ ಪಂಪು, ಮುರಿದ ಏಣಿ. ಅವಕ್ಕೆಲ್ಲ ಬೇರೆ ಕಡೆ ಗತಿ ಕಾಣಿಸುವುದೇ ದೊಡ್ಡ ಕೆಲಸವಾಯಿತು. ಏಣಿಯನ್ನು ಬಿಸಾಡಲಿಕ್ಕೆ ಅಮ್ಮ ಬಿಡಲಿಲ್ಲ. ಅದು ಈಗಲೂ ಹಟ್ಟಿಯ ಹಿಂದೆ ಒರಗಿಕೊಂಡಿದೆ.

ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ. "ಮಾಷ್ಟ್ರೇ, ಸಿಮೆಂಟು ಹಾಕಿ ಪುಟ್ಟಿ ಎಳೆದ್ರೆ ಬಂಗ್ಲೆ ಆಗ್ತದೆ." ಕೆಲಸ ಬಲ್ಲವನೇ. ಆದರೆ ಹಟ್ಟಿಯ ಗೋಡೆ ಬೇರೆ ಗೋಡೆಗಳ ಹಾಗಲ್ಲ. ತಲೆಮಾರುಗಟ್ಟಲೆ ಗಂಜಳ ಹರಿದು ಅದರ ಉಪ್ಪು ಕಲ್ಲಿನ ತೂತು ತೂತಿನಲ್ಲಿ ಕೂತಿರುತ್ತದೆ. ಗಂಜಳದ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಕೋವಿಮದ್ದಿನ ಕಾಲದಲ್ಲಿ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಈ ಉಪ್ಪು ಮಳೆಗಾಲದಲ್ಲಿ ಗಾಳಿಯ ನೀರನ್ನು ಎಳೆದುಕೊಂಡು ಬೆವರುತ್ತದೆ. ಬೇಸಿಗೆಯಲ್ಲಿ ಹರಳುಗಟ್ಟಿ ಹೊರಗೆ ಬರುತ್ತದೆ. ಮೇಲೆ ಸಿಮೆಂಟು ಇದ್ದರೆ ಅದನ್ನೇ ಒಳಗಿನಿಂದ ದೂಡಿ ಚಕ್ಕೆ ಚಕ್ಕೆ ಬೀಳಿಸುತ್ತದೆ.

ಅದಕ್ಕೆ ಮೊದಲು ಉಪ್ಪು ತೆಗೆಯಬೇಕು. ಗೋಡೆಯ ಬುಡದಲ್ಲಿ ಬೆಳ್ಳಗೆ ಎದ್ದದ್ದನ್ನು ಒಣ ಬ್ರಷ್ಷಿನಲ್ಲಿ ಉಜ್ಜಿದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಪುನಃ ಕಲ್ಲಿನೊಳಗೇ ಹೋಗುತ್ತದೆ. ಆಮೇಲೆ ಹಳೇ ಪೇಪರನ್ನು ನೆನೆಹಾಕಿ, ಹಿಸುಕಿ ಮುದ್ದೆ ಮಾಡಿ, ಮೊಣಕಾಲಿನಿಂದ ಕೆಳಗೆ ಗೋಡೆಗೆ ಮೆತ್ತಿದೆ. ಒಣಗುವಾಗ ಕಲ್ಲಿನೊಳಗಿನ ತೇವ ಪೇಪರಿಗೆ ಬರುತ್ತದೆ, ತೇವದ ಜತೆ ಉಪ್ಪೂ ಬರುತ್ತದೆ. ಒಣಗಿದ ಮೇಲೆ ಅದು ಗರಿಗರಿಯಾಗಿ ಗೋಡೆ ಬಿಟ್ಟು ಏಳುತ್ತಿತ್ತು. ಅಂಚಿನಲ್ಲಿ ಬಿಳಿ ಹುಡಿ. ಕಿತ್ತು ಸುಟ್ಟೆ, ಹೊಸದು ಮೆತ್ತಿದೆ. ಬೆಂಕಿಯಲ್ಲಿ ಅದು ಚಿಟಿಚಿಟಿ ಅನ್ನುತ್ತಿತ್ತು, ಪೆಟ್ಲುಪ್ಪಲ್ವಾ! ಬಿಳಿ ಹುಡಿ ಕಮ್ಮಿಯಾಗುವವರೆಗೂ ಇದೇ ಕೆಲಸ. ಇಷ್ಟು ವರ್ಷ ಕಟ್ಟಿಟ್ಟಿದ್ದ ಪೇಪರುಗಳು ಖರ್ಚಾದದ್ದು ಮನೆಯವರಿಗೆಲ್ಲ ಸಂತೋಷವೇ.

ಸಿಮೆಂಟಿನ ಬದಲು ಸುಣ್ಣದ ಗಾರೆ ಹಾಕಿಸಿದೆ. ಅದು ಉಸಿರಾಡುತ್ತದೆ. ಉಪ್ಪು ಬಂದರೂ ಗಾರೆ ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಕೆಲವು ವರ್ಷಕ್ಕೊಮ್ಮೆ ಬುಡದಲ್ಲಿ ಸ್ವಲ್ಪ ಹೊಸದಾಗಿ ಮೆತ್ತಿದರೆ ಸಾಕು. ಸುಣ್ಣ ಅಡಿಕೆ ಬೆಳೆಯುವವರ ಮನೆಯಲ್ಲಿ ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವುದು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರಿನಲ್ಲಿ. ಅದೇ ತಲೆ ಓಡಿಸಿ, ಗೋಡೆಗೆ ಬಳಿಯುವ ಸುಣ್ಣದ ತಿಳಿಗೂ ಸ್ವಲ್ಪ ಮೈಲುತುತ್ತು ಕರಗಿಸಿ ಸೇರಿಸಿದೆ. ಪಾಚಿಗೂ ಬೂಸರಿಗೂ ಅದು ಆಗದು. ಗೋಡೆಗೆ ಎಳೆಯ ಅಡಿಕೆ ಸೋಗೆಯ ಹಾಗೆ ಒಂದು ತೆಳು ನೀಲಿಹಸಿರು ಬಂದಿದೆ. ಅಂಗಡಿಯ ಯಾವ ಡಬ್ಬಿಯಲ್ಲೂ ಆ ಬಣ್ಣ ಸಿಗಲಿಕ್ಕಿಲ್ಲ.

ನೆಲದ ಕತೆ ಚುಟುಕು. ಗಂಜಳದ ಕಾಲುವೆ ಮುಚ್ಚಿ, ಜಲ್ಲಿ ಹಾಕಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು, ಮೇಲೆ ಕೆಂಪು ಕಾವಿ ನೆಲ. ಹಾಳೆ ಯಾಕೆ, ಸುಮ್ನೆ ಖರ್ಚು ಅಂತ ಮೇಸ್ತ್ರಿ ಗೊಣಗಿದ. ಮಣ್ಣಿನ ತೇವ ಮೇಲೆ ಬರದಂತೆ ತಡೆಯುವುದು ಅದೊಂದೇ. ಜುಲೈ ತಿಂಗಳಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವನಿಗೆ ಅದರ ಬೆಲೆ ಗೊತ್ತಾಗುತ್ತದೆ.

ಮಾಡಿನ ಕೆಲಸ ತುಳುವರ ಪತ್ತನಾಜೆಯ ದಿನದ ಒಳಗೆ ಮುಗಿಯಬೇಕಿತ್ತು. ಮೇ ಕೊನೆಯ ವಾರ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಹಂಚಿನ ಕೆಲಸದವರೂ ಏಣಿ ಮಡಚುತ್ತಾರೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಹಾಕಿದಂದಿನಿಂದ ನಮ್ಮ ಕಡೆಯವರಿಗೆ ಹಂಚು ಅಂದರೆ ಆ ಅಚ್ಚಿನದೇ. ಹಳೇ ಹಂಚುಗಳು ಗಟ್ಟಿ ಇದ್ದವು. ಮಂಗಗಳು ಒಡೆದದ್ದನ್ನು ಮಾತ್ರ ಬದಲಿಸಿದೆವು. ಬಡಗಣ ಬದಿಯ ಇಳಿಜಾರಿನಲ್ಲಿ ಗಾಜಿನ ಹಂಚು ಇಡಿಸಿದೆ. ಕೆಲಸದ ಮೇಜಿಗೆ ನೇರ ಬಿಸಿಲು ಬೀಳುವುದು ಕಮ್ಮಿ, ಬೆಳಕು ಮಾತ್ರ ಬೀಳುತ್ತದೆ. ರೆಸಿಸ್ಟರಿನ ಬಣ್ಣದ ಗೆರೆ ಓದಲಿಕ್ಕೆ ಅಂಥ ಬೆಳಕು ಬೇಕು. ಟ್ಯೂಬ್‌ಲೈಟಿನಡಿಯಲ್ಲಿ ನನಗೆ ಕಂದು ಯಾವುದು ಕೆಂಪು ಯಾವುದು ತಿಳಿಯುವುದಿಲ್ಲ.

ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಗೆದ್ದಲು ಬಾರದ ಹಾಗೆ ಗೇರೆಣ್ಣೆ ಬಳಿಯಬೇಕು ಅಂತ ಆಚಾರಿ ಹಟ ಹಿಡಿದ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪೆಣ್ಣೆ ಅದು. ಗೇರುಗುಡ್ಡೆಗಳ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಮದ್ದು ಯಾಕೆ ಹುಡುಕಬೇಕು? ಆದರೆ ಮೈಗೆ ತಾಗಿದರೆ ಸುಡುತ್ತದೆ. ಗೇರುಬೀಜ ಸುಟ್ಟು ತಿಂದು ತುಟಿ ಸುಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಆಚಾರಿ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಉದ್ದ ಕೋಲಿಗೆ ಬಟ್ಟೆ ಸುತ್ತಿ ಬಳಿದ. ಮೇಲೆ ನೋಡಿಕೊಂಡು ಬಳಿಯುವ ಕೆಲಸ. "ಕಣ್ಣ್‌ಗ್ ಬೂರುಂಡ ಕತೆ ಮುಗಿಂಡ್" ಅಂತ ತುಳುವಿನಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಕಣ್ಣಿಗೆ ಬಿದ್ದರೆ ಕತೆ ಮುಗಿಯಿತು ಅಂತ. ಕೆಲವು ದಿನ ವಾಸನೆ ಇತ್ತು. ಈಗ ಮಾಡಿನ ಮರ ಕರೀ ಬೆಕ್ಕಿನ ಮೈಯಂತೆ ಹೊಳೆಯುತ್ತದೆ ಅಂತ ಮೊಮ್ಮಗಳು ಹೇಳುತ್ತಾಳೆ. ನನಗಂತೂ ಮರ ಉಳಿದರೆ ಸಾಕು.

ಮೇಜಿಗೆ ಮಾವಿನ ಹಲಗೆ ಅಗ್ಗಕ್ಕೆ ಸಿಗುತ್ತಿತ್ತು. ಆಚಾರಿ ಕೈಮುಗಿದ. "ಮಾವು ಬೇಡ ಮಾಷ್ಟ್ರೇ. ಹುಳ ಮೊದಲು ನಿಮ್ಮ ಮೇಜು ತಿಂದು ಆಮೇಲೆ ನಿಮ್ಮ ರೇಡಿಯೋಗೆ ಬರ್ತದೆ." ಹಟ್ಟಿಯ ಹುಲ್ಲು ಹಾಕುವ ಗೋದಲಿಯೇ ಹಲಸಿನ ಹಲಗೆಯದು. ಅದನ್ನು ಬಿಚ್ಚಿ, ಹತ್ತರಿ ಹೊಡೆದಾಗ ಒಳಗಿನಿಂದ ಹಳದಿ ಬಣ್ಣ ಎದ್ದುಬಂತು. ದನದ ಕುತ್ತಿಗೆ ಉಜ್ಜಿ ಉಜ್ಜಿ ಒಂದು ಅಂಚು ನುಣುಪಾಗಿತ್ತು. ಆ ಅಂಚನ್ನು ಹಾಗೇ ಬಿಟ್ಟು ನನ್ನ ಕಡೆಗೆ ಬರುವಂತೆ ಕೂರಿಸಲು ಹೇಳಿದೆ. ಮೊಣಕೈ ಊರಲಿಕ್ಕೆ ಅದಕ್ಕಿಂತ ಸುಖದ ಜಾಗ ಬೇರಿಲ್ಲ.

ಕರೆಂಟಿನ ಕೆಲಸಕ್ಕೆ ಬಂದವನು ಮಲಯಾಳಿ ಹುಡುಗ, ಹಿಂದೆ ನಮ್ಮ ಶಾಲೆಯಲ್ಲೇ ಮಲಯಾಳ ವಿಭಾಗದಲ್ಲಿ ಓದಿದವನು. ಹಟ್ಟಿಯ ಹಳೇ ವಯರು ನೋಡಿದವನೇ "ಮಾಷೇ, ಇದು ಶರಿಯಾವಿಲ್ಲ" ಅಂದ. ಎಲ್ಲ ಕಿತ್ತು ಹೊಸದಾಗಿ ಎಳೆದೆವು. ಅರ್ಥಿಂಗ್ ಮಾತ್ರ ತಲೆಬಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಕರೆಂಟು ಇಳಿಯುವುದೇ ಇಲ್ಲ. ಕೊನೆಗೆ ಬಚ್ಚಲಿನ ನೀರು ಹೋಗುವ ಬಾಳೆಬುಡದ ಹತ್ತಿರ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿದೆವು. ಅಲ್ಲಿ ವರ್ಷವಿಡೀ ತೇವ. ಇಡೀ ಕೆಲಸದಲ್ಲಿ ತೇವವನ್ನು ನಾನಾಗಿ ಹುಡುಕಿಕೊಂಡು ಹೋದದ್ದು ಅದೊಂದೇ ಕಡೆ.

ಒಂದು ಆರ್‌ಸಿಸಿಬಿಯೂ ಹಾಕಿಸಿದೆ, 30 ಮಿಲಿಆಂಪಿನದು. ಮೈಮೂಲಕ ಕರೆಂಟು ನೆಲಕ್ಕೆ ಸೋರಿದರೆ ಥಟ್ಟನೆ ಕಟ್ ಮಾಡುತ್ತದೆ. ಆದರೆ ವಾಲ್ವ್ ರೇಡಿಯೋ ಮುಟ್ಟುವವರು ಒಂದು ವಿಷಯ ತಿಳಿದಿರಬೇಕು. ಟ್ರಾನ್ಸ್‌ಫಾರ್ಮರಿನ ಆಚೆ ಬದಿ ಸುಮಾರು 250 ವೋಲ್ಟ್ ಡಿಸಿ ಇರುತ್ತದೆ. ಅದು ಹೊಡೆದರೆ ಈ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಚಾರ್ಜು ಉಳಿದಿರುತ್ತದೆ. ರೆಸಿಸ್ಟರ್ ಕಟ್ಟಿದ ತಂತಿಯಿಂದ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿದ ಮೇಲೆಯೇ ಒಳಗೆ ಕೈ. ಕರೆಂಟು ಇರುವಾಗ ಅಳೆಯಬೇಕಾದರೆ ಎಡಗೈ ಲುಂಗಿಯ ಮಡಿಲಲ್ಲಿ, ಕಾಲಡಿ ರಬ್ಬರ್ ಹಾಸು. ಬರಿಗಾಲ ಸುಖ ಆಗ ಇಲ್ಲ. ಮೊಮ್ಮಕ್ಕಳಿಗೆ ಆ ಹೊತ್ತಿನಲ್ಲಿ ಪ್ರವೇಶವೂ ಇಲ್ಲ.

ಗುಡುಗಿನ ಕಾಟ ಬೇರೆ. ಏಪ್ರಿಲ್, ಮೇ ತಿಂಗಳ ಸಂಜೆ, ಪುನಃ ಅಕ್ಟೋಬರ್-ನವೆಂಬರಿನ ತುಲಾ ತಿಂಗಳಲ್ಲಿ ಇಲ್ಲಿ ಸಿಡಿಲಿಗೆ ಲೆಕ್ಕ ಇಲ್ಲ. ಅದಕ್ಕೇ ತೆಂಗಿನಮರಕ್ಕೆ ಏರಿಯಲ್ ತಂತಿ ಕಟ್ಟುವ ಆಸೆ ಬಿಟ್ಟೆ. ಮರದ ಚೌಕಟ್ಟಿಗೆ ತಂತಿ ಸುತ್ತಿ, ಸ್ಟೇಷನ್ ಹುಡುಕಲು ತಿರುಗಿಸುವ ಹಳೇ ಗ್ಯಾಂಗ್ ಕಂಡೆನ್ಸರ್ ಜೋಡಿಸಿ ಒಳಗೇ ಇಡುವ ಲೂಪ್ ಏರಿಯಲ್ ಮಾಡಿಕೊಂಡೆ. ತಿರುಗಿಸಿದ ದಿಕ್ಕಿನ ಸ್ಟೇಷನ್ ಗಟ್ಟಿಯಾಗಿ ಕೇಳುತ್ತದೆ, ಗಲಾಟೆ ಬರುವ ದಿಕ್ಕು ತಗ್ಗುತ್ತದೆ. ಬಾಗಿಲ ಬಳಿ ಎಲ್ಲ ಸಾಕೆಟ್ಟಿಗೂ ಸೇರಿ ಒಂದೇ ದೊಡ್ಡ ಪ್ಲಗ್. ಪಡುವಣದಲ್ಲಿ ಮಿಂಚಿದರೆ ಅದನ್ನು ಕಿತ್ತು ಮನೆಗೆ ನಡೆಯುವುದು.

ಇಷ್ಟಾದ ಮೇಲೂ ಜುಲೈಯಲ್ಲಿ ತೇವದ ಮೀಟರು 90 ದಾಟುತ್ತದೆ. 70ರ ಮೇಲೆ ಹೋದರೆ ಬೂಸರಿಗೆ ಹಬ್ಬ. ಸ್ಪೀಕರಿನ ಕಾಗದದ ಕೋನ್ ಮೆತ್ತಗಾಗುತ್ತದೆ, ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಾಮ್ರದ ತಂತಿಗೆ ಹಸಿರು ಹಿಡಿದು ಒಳಗೊಳಗೇ ಕಡಿದುಹೋಗುತ್ತದೆ. ಕರಾವಳಿಯ ರೇಡಿಯೋಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಇದಕ್ಕೆ ಒಂದು ಮರದ ಕಪಾಟು. ಅಡಿಯಲ್ಲಿ 25 ವ್ಯಾಟಿನ ಹಳೇ ಮಾದರಿಯ ಬಲ್ಬು, ತಟ್ಟುಗಳಿಗೆಲ್ಲ ತೂತು, ಮೇಲೆ ಗಾಳಿ ಹೋಗಲು ಸಂದಿ. ಮಳೆಗಾಲವಿಡೀ ಬಲ್ಬು ಉರಿಯುತ್ತದೆ. ಒಳಗೆ ಮೀಟರಿಟ್ಟರೆ 60ರ ಆಸುಪಾಸು. ಈ ಬಲ್ಬಿನಿಂದ ರೇಡಿಯೋಗೆ ಗುರುಗುಡುವುದೂ ಇಲ್ಲ. ಪಡುವಣ ಗೋಡೆಗೆ ಮಳೆ ಬಡಿಯದ ಹಾಗೆ ಹೊರಗಿನಿಂದ ಹಿಂದೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದೆವು. ಹೆಣೆಯುವವರು ಸಿಗುವುದಿಲ್ಲ, ಈಗ ನೀಲಿ ಶೀಟು.

ಮೊದಲು ಮೇಜಿಗೆ ಏರಿದ್ದು ಸೋದರಮಾವನ ಅಟ್ಟದ ಮರ್ಫಿ. ಡಯಲಿನ ದಾರವನ್ನು ಇಲಿ ತಿಂದಿತ್ತು. ಇಂಥದ್ದಕ್ಕೆ ನೇರವಾಗಿ ಕರೆಂಟು ಕೊಡಬಾರದು. ನಮ್ಮ ಹಳೇ ರಿಪೇರಿಯವರ ಉಪಾಯ, ಸೀರೀಸ್ ಬಲ್ಬು. ರೇಡಿಯೋ ಮತ್ತು 60 ವ್ಯಾಟಿನ ಬಲ್ಬು ಒಂದರ ಹಿಂದೆ ಒಂದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ನಿಲ್ಲುತ್ತದೆ, ಟ್ರಾನ್ಸ್‌ಫಾರ್ಮರ್ ಬಚಾವ್. ಕಾಗದದ ಕಂಡೆನ್ಸರುಗಳನ್ನೆಲ್ಲ ಬದಲಿಸಿ, ಸ್ವಿಚ್ಚು ಒತ್ತಿದೆ. ಬಲ್ಬು ಜೋರಾಗಿ ಹತ್ತಿತು, ವಾಲ್ವುಗಳು ಕಾಯುತ್ತಿದ್ದಂತೆ ನಿಧಾನಕ್ಕೆ ಕೆಂಪಗೆ ಇಳಿಯಿತು. ಅಲ್ಲಿಗೆ ಅರ್ಧ ಗೆದ್ದ ಹಾಗೆ. ಸ್ಪೀಕರಿನಿಂದ ಸಣ್ಣ ಹಮ್ಮು, ಬಿಸಿ ಧೂಳಿನ ವಾಸನೆ. ದಾರ ಇಲ್ಲದ್ದರಿಂದ ಗ್ಯಾಂಗನ್ನು ಕೈಯಲ್ಲೇ ತಿರುಗಿಸಿದೆ. 1089 ಕಿಲೋಹರ್ಟ್ಸ್‌ನಲ್ಲಿ ಮಂಗಳೂರು ಆಕಾಶವಾಣಿ ಸಿಕ್ಕಿತು. 1976ರಲ್ಲಿ ಶುರುವಾದ ನಿಲಯ. ಅದಕ್ಕಿಂತ ಹಳೆಯದು ಈ ಪೆಟ್ಟಿಗೆ.

ನಿಜವಾದ ಮಜಾ ರಾತ್ರಿ. ಹಗಲಿನಲ್ಲಿ ಆಕಾಶದ ಒಂದು ಕೆಳಪದರ ಮೀಡಿಯಂ ವೇವಿನ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇರುವುದಿಲ್ಲ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರದೂರಕ್ಕೆ ವಾಪಸ್ಸು ಬೀಳುತ್ತವೆ. ಬೆಂಗಳೂರಿನ 612, ಕಲ್ಲಿಕೋಟೆಯ 684, ಧಾರವಾಡದ 765 ಒಂದೊಂದಾಗಿ ಏರುತ್ತಾ ಇಳಿಯುತ್ತಾ ಬರುತ್ತವೆ. ಮೊಬೈಲಿನ ಆ್ಯಪಿನಲ್ಲಿ ಇದೆಲ್ಲ ಸ್ವಚ್ಛವಾಗಿ ಸಿಗುತ್ತದಲ್ಲ ಭಾವ ಅಂತ ಹೆಂಡತಿಯ ತಮ್ಮ ಕೇಳುತ್ತಾನೆ. ಸಿಗುತ್ತದೆ. ಪೇಟೆಯಲ್ಲಿ ಮೀನೂ ಸಿಗುತ್ತದೆ, ಆದರೂ ಜನ ಗಾಳ ಹಾಕಿ ಕೂರುವುದಿಲ್ಲವೇ?

ಖರ್ಚು ಲಕ್ಷ ದಾಟಲಿಲ್ಲ. ಗೋಡೆ, ಹಂಚು, ಹಲಗೆ ಮೊದಲೇ ಇದ್ದವಲ್ಲ. ಹೆಚ್ಚು ಹೋದದ್ದು ಕೂಲಿಗೆ, ಆಮೇಲೆ ವಯರಿಂಗಿಗೆ.

ಒಬ್ಬನೇ ಕೂರಲಿಕ್ಕೆ ಅಂತ ಮಾಡಿದ ಕೋಣೆ, ಒಬ್ಬನೇ ಕೂರಲಿಕ್ಕೆ ಸಿಗುವುದು ಕಡಿಮೆ. ಮಾಷ್ಟ್ರು ರಿಪೇರಿ ಮಾಡ್ತಾರಂತೆ ಅನ್ನುವ ಸುದ್ದಿ ಹಬ್ಬಿ, ಮಿಕ್ಸಿಗಳು ಬರಲಿಕ್ಕೆ ಶುರುವಾದವು. ಮಿಕ್ಸಿ ತರಬೇಡಿ ಮಾರಾಯ್ರೇ, ಹಳೇ ರೇಡಿಯೋ ಇದ್ದರೆ ತನ್ನಿ ಅಂತ ಹೇಳಿ ಹೇಳಿ ಸಾಕಾಗಿದೆ. ಕೆಲವರು ರೇಡಿಯೋ ತಂದು, ಅದರ ಜತೆಗೆ ಮಿಕ್ಸಿಯನ್ನೂ ಇಟ್ಟು ಹೋಗುತ್ತಾರೆ.

ಮನೆಯವಳು ಮೊದಲು ಈ ಕಡೆ ತಲೆ ಹಾಕುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಚಾ ತಂದವಳು ಕಪಾಟಿನ ಬಾಗಿಲು ತೆರೆದು ಕೈ ಇಟ್ಟು ನೋಡಿದಳು. "ಇಷ್ಟು ಬೆಚ್ಚಗಿನ ಜಾಗ ಇಟ್ಟುಕೊಂಡು ಇಷ್ಟು ದಿವಸ ಹೇಳಲೇ ಇಲ್ಲವಾ ನೀವು?" ಮರುದಿನ ಹಲಸಿನ ಹಪ್ಪಳದ ಡಬ್ಬ ಬಂತು, ಅದರ ಹಿಂದೆ ಸಂಡಿಗೆ, ಅದರ ಹಿಂದೆ ಹುಣಸೆಹುಳಿ. ಹುಳಿ ಮಾತ್ರ ವಾಪಸ್ಸು ಕಳಿಸಿದೆ, ಅದರ ತೇವ ತಾಮ್ರಕ್ಕೆ ಆಗದು. ಮೇಲಿನ ತಟ್ಟು ಹಪ್ಪಳಕ್ಕೆ, ಕೆಳಗಿನ ಎರಡು ವಾಲ್ವುಗಳಿಗೆ ಎಂದು ಒಪ್ಪಂದವಾಗಿದೆ. ಈಗ ಅವಳ ಕಣ್ಣು ಬಾಗಿಲ ಪಕ್ಕದ ಖಾಲಿ ಮೂಲೆಯ ಮೇಲಿದೆ, ಚಾಲಿ ಅಡಿಕೆಯ ನಾಲ್ಕೇ ಗೋಣಿ ಸಾಕಂತೆ. ಅದಕ್ಕೆ ಇನ್ನೂ ಒಪ್ಪಿಲ್ಲ. ಅಡಿಕೆ ಗೋಣಿ ಬಂದರೆ ಹಿಂದೆಯೇ ಇಲಿ ಬರುತ್ತದೆ, ಇಲಿ ಬಂದರೆ ಡಯಲಿನ ದಾರ ಉಳಿಯುವುದಿಲ್ಲ.